‘ವೈಶಾಲಿ’ ಚಿತ್ರದಲ್ಲಿ ಪುರಾಣದ್ದೆಷ್ಟು, ಕಟ್ಟಿದ್ದೆಷ್ಟು?

ಪ್ರಶ್ನೆ: ನಾವು ಸಾಗರದ ಕಡೆಯ ಹವ್ಯಾಸಿ ನಾಟಕ ತಂಡದವರು. ಋಷ್ಯಶೃಂಗನ ಕಥೆಯ ಮೇಲೆ ನಲವತ್ತು ನಿಮಿಷದ ಕಿರುಚಿತ್ರ ಮಾಡಲು ಹೊರಟಿದ್ದೇವೆ. ಮಲಯಾಳದ ‘ವೈಶಾಲಿ’ ನೋಡಿದ ಮೇಲೆ ಗೊಂದಲ ಜಾಸ್ತಿಯಾಗಿದೆ. ನಾವು ಕೇಳಿದ ಕಥೆಯಲ್ಲಿ ಆ ಹೆಸರೇ ಇಲ್ಲ. ಚಿತ್ರದಲ್ಲಿ ಮೂಲದ್ದೆಷ್ಟು, ಅವರು ಸೇರಿಸಿದ್ದೆಷ್ಟು? ಕಡಿಮೆ ದುಡ್ಡಿನಲ್ಲಿ ಪುರಾಣಕಾಲದ ಚಿತ್ರ ಮಾಡುವವರು ಎಲ್ಲಿ ಎಡವುತ್ತಾರೆ? ಕೊನೆಯ ಮಳೆಯನ್ನು ತೆಗೆಯುವುದು ಹೇಗೆ? ಋಷ್ಯಶೃಂಗ ನಮ್ಮ ಶೃಂಗೇರಿ ಹತ್ತಿರದ ಕಿಗ್ಗದವನಲ್ಲವೇ, ಅದನ್ನು ತರಬಹುದೇ?

ಉತ್ತರ: ನಿಮ್ಮ ಅನುಮಾನ ಸರಿ. ವೈಶಾಲಿ ಎಂಬ ಹೆಸರು ಮೂಲದಲ್ಲಿ ಎಲ್ಲೂ ಬರುವುದಿಲ್ಲ. ಆ ಹುಡುಗಿಗೆ ಅಲ್ಲಿ ಹೆಸರೇ ಇಟ್ಟಿಲ್ಲ. ಚಿತ್ರ ಹುಟ್ಟಿದ್ದೇ ಈ ಖಾಲಿ ಜಾಗದಲ್ಲಿ. ಅದು ಹೇಗೆ ಎಂದು ತಿಳಿದರೆ ನಿಮ್ಮ ಚಿತ್ರಕಥೆಗೂ ದಾರಿ ಕಾಣುತ್ತದೆ. ಹಾಗಾಗಿ ಮೊದಲು ಮೂಲಕ್ಕೆ ಹೋಗೋಣ.

ಮಹಾಭಾರತದ ವನಪರ್ವದಲ್ಲಿ ಅರ್ಜುನ ಅಸ್ತ್ರಕ್ಕಾಗಿ ಹೋಗಿದ್ದಾಗ ಉಳಿದ ಪಾಂಡವರನ್ನು ಲೋಮಶ ಋಷಿ ತೀರ್ಥಯಾತ್ರೆಗೆ ಕರೆದೊಯ್ಯುತ್ತಾನೆ. ಒಂದೊಂದು ಜಾಗ ಬಂದಾಗಲೂ ಅಲ್ಲಿನ ಕಥೆ ಹೇಳುತ್ತಾನೆ. ಕೌಶಿಕೀ ನದಿಯ ದಡದಲ್ಲಿ ಹೇಳಿದ್ದು ಋಷ್ಯಶೃಂಗನ ಕಥೆ. 110ರಿಂದ 113ರವರೆಗಿನ ಅಧ್ಯಾಯಗಳನ್ನು ನೋಡಿ. (ಗಿರೀಶ ಕಾರ್ನಾಡರು ‘ಅಗ್ನಿ ಮತ್ತು ಮಳೆ’ಗೆ ಎತ್ತಿಕೊಂಡ ಯವಕ್ರೀತನ ಕಥೆಯನ್ನೂ ಇದೇ ಯಾತ್ರೆಯಲ್ಲಿ ಇದೇ ಲೋಮಶನೇ ಹೇಳುವುದು. ಬರ ಮತ್ತು ಮಳೆಯ ಕಥೆ ಬೇಕಾದ ನಾಟಕಕಾರರೆಲ್ಲ ಈ ಭಾಗವನ್ನು ಒಮ್ಮೆ ಓದಲೇಬೇಕು.) ಅಂಗರಾಜ ಲೋಮಪಾದ ಬ್ರಾಹ್ಮಣರಿಗೆ ಸುಳ್ಳು ಹೇಳಿ ಅವರನ್ನು ಕಳೆದುಕೊಳ್ಳುತ್ತಾನೆ, ಇಂದ್ರ ಮಳೆ ನಿಲ್ಲಿಸುತ್ತಾನೆ. ಹೆಣ್ಣನ್ನೇ ಕಾಣದೆ ಕಾಡಿನಲ್ಲಿ ಬೆಳೆದ ಋಷ್ಯಶೃಂಗ ರಾಜ್ಯಕ್ಕೆ ಕಾಲಿಟ್ಟರೆ ಮಳೆ ಬರುತ್ತದೆ ಎಂಬ ಸಲಹೆ ಸಿಗುತ್ತದೆ. ಅವನ ತಂದೆ ವಿಭಾಂಡಕನ ಶಾಪಕ್ಕೆ ಹೆದರಿ ವೇಶ್ಯೆಯರೆಲ್ಲ ಹಿಂದೆ ಸರಿದಾಗ ಒಬ್ಬ ಮುದುಕಿ ಮಾತ್ರ ಒಪ್ಪುತ್ತಾಳೆ. ದೋಣಿಯ ಮೇಲೆ ಹೂ, ಹಣ್ಣು, ಗಿಡ ಎಲ್ಲ ಕೃತಕವಾಗಿರುವ ಆಶ್ರಮವೊಂದನ್ನು ಕಟ್ಟಿಸಿ, ಮಗಳನ್ನು ಜೊತೆಗೆ ಕರೆದುಕೊಂಡು ಹೊರಡುತ್ತಾಳೆ. ಋಷ್ಯಶೃಂಗನನ್ನು ಮರುಳು ಮಾಡಿ ಕರೆತರುವುದು ಈ ಮಗಳು. ಮಳೆ ಸುರಿಯುತ್ತದೆ, ರಾಜ ತನ್ನ ಮಗಳು ಶಾಂತೆಯನ್ನು ಋಷಿಗೆ ಕೊಡುತ್ತಾನೆ. ಅಷ್ಟರಲ್ಲಿ ವೇಶ್ಯೆಯ ಮಗಳ ವಿಷಯ ಮುಗಿದಿರುತ್ತದೆ. ಅವಳೇನಾದಳು ಎಂದು ಲೋಮಶ ಹೇಳುವುದಿಲ್ಲ, ಯುಧಿಷ್ಠಿರ ಕೇಳುವುದೂ ಇಲ್ಲ.

ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲೂ ಈ ಕಥೆ ಇದೆ. ಪುತ್ರಕಾಮೇಷ್ಟಿಗೆ ಋಷ್ಯಶೃಂಗನನ್ನು ಕರೆಸಬೇಕೆಂದು ದಶರಥನಿಗೆ ಸುಮಂತ್ರ ಹೇಳುವ ಸಂದರ್ಭ ಅದು. ಅಲ್ಲಿ ಗಣಿಕೆಯರು ಗುಂಪಾಗಿ ಬಂದು ಗುಂಪಾಗಿ ಹೋಗುತ್ತಾರೆ, ಒಬ್ಬಳೂ ಬೇರೆಯಾಗಿ ಕಾಣುವುದಿಲ್ಲ. ಬೌದ್ಧರ ನಳಿನಿಕಾ ಜಾತಕದಲ್ಲಿ ರಾಜಕುಮಾರಿಯೇ ಖುದ್ದಾಗಿ ಕಾಡಿಗೆ ಹೋಗುತ್ತಾಳೆ. ನಿಮ್ಮ ತಂಡದಲ್ಲಿ ಯಾರಾದರೂ “ಅಸಲಿ ಕಥೆ ಹೀಗಿಲ್ಲ” ಎಂದು ಜಗಳ ತೆಗೆದರೆ ಈ ಮೂರನ್ನೂ ಅವರ ಮುಂದಿಡಿ. ಈ ಕಥೆ ಮೊದಲಿನಿಂದಲೂ ಹೇಳುವವರ ಜೊತೆ ಬದಲಾಗುತ್ತಾ ಬಂದಿದೆ.

1988ರ ‘ವೈಶಾಲಿ’ಗೆ ಚಿತ್ರಕಥೆ ಎಂ.ಟಿ. ವಾಸುದೇವನ್ ನಾಯರ್ ಅವರದು, ನಿರ್ದೇಶನ ಭರತನ್ ಅವರದು. ಎಂ.ಟಿ. ಅವರ ಕೈಚಳಕ ಗೊತ್ತಾಗಬೇಕಾದರೆ ಆಗಿನ ಅವರ ಬೇರೆ ಕೃತಿಗಳನ್ನೂ ಜೊತೆಗಿಟ್ಟು ನೋಡಬೇಕು. 1984ರ ಕಾದಂಬರಿ ‘ರಂಡಾಮೂಳಂ’ನಲ್ಲಿ ಮಹಾಭಾರತದ ಕಥೆಯನ್ನು ಎರಡನೇ ಸಾಲಿಗೆ ಸರಿದ ಭೀಮನ ಕಡೆಯಿಂದ ಹೇಳಿದರು. 1989ರ ‘ಒರು ವಡಕ್ಕನ್ ವೀರಗಾಥ’ದಲ್ಲಿ ಕೇರಳದ ಹಾಡುಗಬ್ಬಗಳು ತಲೆತಲಾಂತರ ಮೋಸಗಾರ ಎಂದು ಹಾಡಿದ ಚಂದುವಿನ ಪಕ್ಷ ವಹಿಸಿದರು. ನಡುವೆ ಬಂದದ್ದು ‘ವೈಶಾಲಿ’. ಮೂರರಲ್ಲೂ ಅವರು ಮೂಲದ ಘಟನೆಗಳನ್ನು ಬಹುಮಟ್ಟಿಗೆ ಇದ್ದಹಾಗೇ ಉಳಿಸಿಕೊಂಡು, ಆ ಘಟನೆಗಳಿಂದ ಏಟು ತಿಂದವರು ಯಾರು ಎಂದು ಹುಡುಕುತ್ತಾರೆ.

‘ವೈಶಾಲಿ’ಯಲ್ಲಿ ಅವರು ಮಾಡಿದ ದೊಡ್ಡ ಬದಲಾವಣೆಗಳು ಮೂರು. ಹುಡುಗಿಗೆ ಹೆಸರು ಕೊಟ್ಟರು. ಅವಳ ತಾಯಿ ಮಾಲಿನಿಯನ್ನು ಮೂಲದ ಧನಾಸೆಯ ಮುದುಕಿಯಿಂದ ಬಿಡಿಸಿ, ರಾಜನಿಂದ ಕೈಬಿಡಲ್ಪಟ್ಟ ಹೆಂಗಸಾಗಿ ಮಾಡಿದರು. ಲೋಮಪಾದನೇ ವೈಶಾಲಿಯ ತಂದೆ ಎಂದರು. ಈ ಮೂರನೆಯದರಿಂದ ಇಡೀ ಕಥೆಯ ಭಾರ ಬೇರೆ ಕಡೆ ವಾಲುತ್ತದೆ. ಮೂಲದಲ್ಲಿ ರಾಜ ಒಬ್ಬ ವೇಶ್ಯೆಯನ್ನು ಬಳಸಿಕೊಂಡು ಮಗಳನ್ನು ಋಷಿಗೆ ಕೊಡುತ್ತಾನೆ. ಚಿತ್ರದಲ್ಲಿ ಒಬ್ಬ ಮಗಳನ್ನು ಬಳಸಿಕೊಂಡು ಇನ್ನೊಬ್ಬ ಮಗಳಿಗೆ ಮದುವೆ ಮಾಡುತ್ತಾನೆ. ಕೊನೆಗೆ ಮಳೆ ಬಂದಾಗ ಲೋಮಪಾದನ ರಾಜಧಾನಿ ಚಂಪಾನಗರಿ ಇಡಿಯಾಗಿ ಕುಣಿಯುತ್ತದೆ. ಆ ಮಳೆ ತಂದವಳು ಮತ್ತು ಅವಳ ತಾಯಿ ಗದ್ದಲದಲ್ಲಿ ಯಾರಿಗೂ ಬೇಡವಾಗುತ್ತಾರೆ. ಮಾಲಿನಿಯಾಗಿ ನಟಿಸಿದವರು ಗೀತಾ. ‘ಅರುಣರಾಗ’, ‘ಶ್ರುತಿ ಸೇರಿದಾಗ’ ನೋಡಿದವರಿಗೆ ಬೇರೆ ಪರಿಚಯ ಬೇಡ. ಚಿತ್ರದ ಬೆನ್ನೆಲುಬು ಅವರ ಪಾತ್ರ. ಮಗಳ ಪ್ರೇಮವನ್ನು ಮಾತ್ರ ನೋಡಿ ತಾಯಿಯ ಆಸೆಯನ್ನು ಬಿಟ್ಟರೆ ಕೊನೆಯ ಭಾಗ ಬರೀ ವಿರಹದ ಕಥೆಯಾಗಿ ಕಾಣುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಮಹಾಭಾರತ ಎಲ್ಲರ ಸ್ವತ್ತು. ವೈಶಾಲಿ ಎಂಬ ಪಾತ್ರ, ಅವಳ ಹುಟ್ಟಿನ ಗುಟ್ಟು, ಆ ಕೊನೆ ಇವೆಲ್ಲ ಚಿತ್ರಕಥೆ ಬರೆದವರ ಸೃಷ್ಟಿ. ನಮ್ಮ ದೇಶದ ಕಾನೂನಿನಲ್ಲಿ ಸಾಹಿತ್ಯ ಕೃತಿಯ ಹಕ್ಕು ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಎಂ.ಟಿ. ತೀರಿಕೊಂಡದ್ದು 2024ರ ಡಿಸೆಂಬರ್‌ನಲ್ಲಿ, ಅಂದರೆ 2084ರವರೆಗೆ ಅದನ್ನು ಅನುಮತಿಯಿಲ್ಲದೆ ಮುಟ್ಟುವ ಹಾಗಿಲ್ಲ. ಯೂಟ್ಯೂಬ್‌ನಲ್ಲಿ ಉಚಿತವಾಗಿ ಹಾಕುತ್ತೇವೆ ಎಂದರೂ ಇದು ತಪ್ಪುವುದಿಲ್ಲ. ಸಂಸ್ಕೃತ ಮೂಲದಿಂದ ನೇರವಾಗಿ ಕಟ್ಟಿಕೊಳ್ಳಿ. ಕನ್ನಡ ಅನುವಾದವನ್ನು ಓದಿ ಕಥೆ ತಿಳಿದುಕೊಳ್ಳಬಹುದು, ಅದರ ವಾಕ್ಯಗಳನ್ನು ಸಂಭಾಷಣೆಗೆ ಎತ್ತಬೇಡಿ. ಅದಕ್ಕೂ ಅನುವಾದಕರ ಹಕ್ಕು ಇರುತ್ತದೆ.

ಹಾಗಾದರೆ ಯಾರ ಕಡೆಯಿಂದ ಹೇಳುವುದು? ನಾನು ವಿಭಾಂಡಕನನ್ನು ಆರಿಸಿಕೊಳ್ಳುತ್ತೇನೆ. ಮೂಲದಲ್ಲಿ ಅವನ ಭಾಗ ಬಹಳ ಚೆನ್ನಾಗಿದೆ, ಯಾರೂ ಸರಿಯಾಗಿ ಬಳಸಿಕೊಂಡಿಲ್ಲ. ಸಿಂಹದಂಥ ಹಳದಿ ಕಣ್ಣು, ಉಗುರಿನ ತುದಿಯವರೆಗೂ ರೋಮ ಎಂದು ಅವನ ವರ್ಣನೆ. ಮಗನ ಬಳಿ ಬಂದವರನ್ನು ಮೂರು ದಿನ ಹುಡುಕುತ್ತಾನೆ, ಸಿಗುವುದಿಲ್ಲ. ಆಮೇಲೆ ಮಗನೂ ಕಾಣದಾದಾಗ ಚಂಪಾನಗರಿಯನ್ನೇ ಸುಟ್ಟುಬಿಡುವಷ್ಟು ಸಿಟ್ಟಿನಲ್ಲಿ ನಡೆದು ಬರುತ್ತಾನೆ. ದಾರಿಯುದ್ದಕ್ಕೂ ರಾಜ ಗೊಲ್ಲರನ್ನೂ ದನಗಳನ್ನೂ ಬಿಟ್ಟು, ಹೊಲ ಉಳುಮೆ ಮಾಡಿಸಿ, ಕೇಳಿದರೆ ಏನು ಹೇಳಬೇಕೆಂದು ಹೇಳಿಕೊಟ್ಟಿರುತ್ತಾನೆ. ಹಸಿದು ದಣಿದ ಮುದುಕ ಗೊಲ್ಲರ ಹಟ್ಟಿಯಲ್ಲಿ ತಂಗಿ, ಇದೆಲ್ಲ ಯಾರದಪ್ಪ ಎಂದು ಕೇಳುತ್ತಾನೆ. “ಇದೆಲ್ಲ ನಿಮ್ಮ ಮಗನದೇ” ಎನ್ನುತ್ತಾರೆ. ಊರಿಂದ ಊರಿಗೆ ಅದೇ ಮಾತು ಕೇಳುತ್ತಾ ಸಿಟ್ಟು ಇಳಿಯುತ್ತದೆ. ಆಡುವುದಕ್ಕೆ ಒಬ್ಬ ಒಳ್ಳೆಯ ನಟ, ನಾಲ್ಕು ದನ, ಒಂದು ಹಾದಿ ಇದ್ದರೆ ಸಾಕು. ಅರಮನೆಯ ಖರ್ಚೇ ಇಲ್ಲ. ಶಾಂತೆಯ ಕಡೆಯಿಂದಲೂ ಹೇಳಬಹುದು. ಮೂಲದ ಕೊನೆಯಲ್ಲಿ ಅವಳನ್ನು ಅರುಂಧತಿ, ಲೋಪಾಮುದ್ರೆ, ದಮಯಂತಿಯರಿಗೆ ಹೋಲಿಸಿ ಹೊಗಳುತ್ತಾರೆ. ಇಡೀ ಕಥೆಯಲ್ಲಿ ಅವಳು ಬಾಯಿ ಬಿಡುವುದೇ ಇಲ್ಲ.

ಯಾರ ಕಡೆಯಿಂದ ಹೇಳಿದರೂ ಒಂದು ದೃಶ್ಯವನ್ನು ಮಾತ್ರ ಬಿಡಬೇಡಿ. ಅದು 111, 112ನೇ ಅಧ್ಯಾಯಗಳಲ್ಲಿದೆ. ಸಂಜೆ ತಂದೆ ಆಶ್ರಮಕ್ಕೆ ಬರುತ್ತಾನೆ. ಮಗ ಎಲ್ಲೋ ನೋಡುತ್ತಾ ನಿಟ್ಟುಸಿರು ಬಿಡುತ್ತಾ ಕೂತಿದ್ದಾನೆ. ತಂದೆ ಬೈಯುವುದಿಲ್ಲ, ಕೆಲಸ ಕೇಳುತ್ತಾನೆ. ಸಮಿಧೆ ಯಾಕೆ ಸಿದ್ಧವಾಗಿಲ್ಲ? ಅಗ್ನಿಹೋತ್ರ ಆಯಿತೇ? ಹೋಮದ ಸೌಟುಗಳಾದ ಸ್ರುಕ್ಕು, ಸ್ರುವ ತೊಳೆದೆಯಾ? ಹೋಮಧೇನುವಿಗೆ ಕರು ಬಿಟ್ಟೆಯಾ? ಯಾರು ಬಂದಿದ್ದರು ಇಲ್ಲಿ? ದಿನಚರಿ ತಪ್ಪಿದ ಮನೆಯ ಚಿತ್ರ ಈ ನಾಲ್ಕೈದು ಪ್ರಶ್ನೆಯಲ್ಲೇ ಬಂದುಬಿಟ್ಟಿದೆ. ಕ್ಯಾಮೆರಾ ಮಾಡಬೇಕಾದ್ದು ಇಷ್ಟೇ: ಆರಿದ ಕುಂಡ, ಮಗುಚಿ ಬಿದ್ದ ಸ್ರುವ, ಹಗ್ಗ ಜಗ್ಗುತ್ತಿರುವ ಕರು.

ಆಮೇಲೆ ಮಗ ಬಂದವಳನ್ನು ವರ್ಣಿಸುತ್ತಾನೆ. ಹೆಣ್ಣು ಎಂಬುದೇ ಅವನಿಗೆ ಗೊತ್ತಿಲ್ಲ, ಆದ್ದರಿಂದ ಅವಳು ಅವನಿಗೆ ಒಬ್ಬ ಬ್ರಹ್ಮಚಾರಿ. ಜಡೆಯಿತ್ತು, ಕಪ್ಪಗೆ, ಸುವಾಸನೆಯಾಗಿ, ಬಂಗಾರದ ಎಳೆಯಿಂದ ಕಟ್ಟಿತ್ತು. ಕೊರಳಲ್ಲಿ ಗಿಡದ ಪಾತಿಯಂಥದ್ದು ಮಿಂಚುತ್ತಿತ್ತು. ಅದರ ಕೆಳಗೆ ರೋಮವಿಲ್ಲದ ಎರಡು ಉಂಡೆಗಳು. ಸೊಂಟದಲ್ಲಿ ನನ್ನ ಮೇಖಲೆಯ ಹಾಗೆ ಏನೋ ಇತ್ತು, ಆದರೆ ಹೊನ್ನಿನದು. ಕೈಯಲ್ಲಿ ನನ್ನ ಜಪಸರದಂಥದ್ದು, ಅಲ್ಲಾಡಿದರೆ ಸದ್ದು ಮಾಡುತ್ತಿತ್ತು. ದುಂಡನೆಯ ಹಣ್ಣೊಂದನ್ನು ನೆಲಕ್ಕೆ ಹೊಡೆದರೆ ಅದು ಮೇಲಕ್ಕೆ ಹಾರುತ್ತಿತ್ತು. ಕೊಟ್ಟ ಹಣ್ಣಿಗೆ ನಮ್ಮ ಹಣ್ಣಿನ ಸಿಪ್ಪೆಯೂ ಇಲ್ಲ, ಓಟೆಯೂ ಇಲ್ಲ. ಕೊಟ್ಟ ನೀರು ಕುಡಿದರೆ ಭೂಮಿ ಅಲ್ಲಾಡಿದ ಹಾಗಾಯಿತು. ಬಾಯಿಗೆ ಬಾಯಿ ಇಟ್ಟು ಒಂದು ಸದ್ದು ಮಾಡಿದ, ಅದರಿಂದ ನನಗೆ ಸುಖವಾಯಿತು. ಕೇಳಿದ ತಂದೆ, ಅವು ರಾಕ್ಷಸರು, ಹಾಗೆ ರೂಪ ಹಾಕಿಕೊಂಡು ತಪಸ್ಸು ಕೆಡಿಸಲು ಬರುತ್ತವೆ ಎನ್ನುತ್ತಾನೆ.

ಇದನ್ನು ಆಡಿಸುವಾಗ ಹತ್ತರಲ್ಲಿ ಒಂಬತ್ತು ತಂಡಗಳು ನಗೆಯ ದೃಶ್ಯ ಮಾಡಿ ಹಾಳುಮಾಡುತ್ತವೆ. ಹುಡುಗ ಪೆದ್ದನಂತೆ ಕಣ್ಣು ಪಿಳಿಪಿಳಿ ಮಾಡುತ್ತಾನೆ, ಪ್ರೇಕ್ಷಕರು ಶಿಳ್ಳೆ ಹೊಡೆಯುತ್ತಾರೆ, ಅಲ್ಲಿಗೆ ಮುಗಿಯಿತು. ಅವನು ಪೆದ್ದನಲ್ಲ. ವೇದ ಓದಿದವನು, ಸೂಕ್ಷ್ಮವಾಗಿ ನೋಡುವವನು, ಕಂಡದ್ದನ್ನೆಲ್ಲ ಕ್ರಮವಾಗಿ ಹೇಳುತ್ತಿದ್ದಾನೆ. ಅವನ ಬಳಿ ಇರುವ ಮಾತೆಲ್ಲ ಆಶ್ರಮದ್ದು: ಪಾತಿ, ಮೇಖಲೆ, ಜಪಸರ, ಹಣ್ಣು. ನಟನಿಗೆ ಪಾಠ ಒಪ್ಪಿಸುವ ವಿದ್ಯಾರ್ಥಿಯ ಗಂಭೀರ ದನಿಯಲ್ಲೇ ಶುರುಮಾಡಲು ಹೇಳಿ. ಅರ್ಧ ದಾಟಿದ ಮೇಲೆ ದನಿ ತಾನಾಗಿ ಸಡಿಲವಾಗಲಿ. ಕ್ಯಾಮೆರಾ ತಂದೆಯ ಮುಖದ ಮೇಲಿರಲಿ. ಒಂದೊಂದು ವಿವರಕ್ಕೂ ಅವನಿಗೆ ವಿಷಯ ಗೊತ್ತಾಗುತ್ತಾ ಹೋಗುತ್ತದೆ, ಹೇಳಲಾರ. ನಲವತ್ತು ನಿಮಿಷದಲ್ಲಿ ಇದಕ್ಕೆ ಆರು ನಿಮಿಷ ಕೊಡಿ. ಅದಕ್ಕೆ ಮುಂಚಿನ ಮೊದಲ ಭೇಟಿಗೆ ಏಳು. ಬರಕ್ಕೆ ಐದು, ಅರಮನೆಯ ನಿರ್ಧಾರಕ್ಕೆ ನಾಲ್ಕು, ದೋಣಿಯ ಪಯಣಕ್ಕೆ ಮೂರು, ಕರೆತರುವುದಕ್ಕೆ ಐದು, ಮಳೆ ಮತ್ತು ಮದುವೆಗೆ ಐದು. ಉಳಿಯುವ ಐದು ನಿಮಿಷ ಆಮೇಲಿನದಕ್ಕೆ. ವಿಭಾಂಡಕನ ಕಡೆಯಿಂದ ಹೇಳುವುದಾದರೆ ಅರಮನೆಯ ನಾಲ್ಕನ್ನು ಪೂರ್ತಿ ಕಿತ್ತು ಗೊಲ್ಲರ ಹಾದಿಗೆ ಸೇರಿಸಿ.

ಈಗ ಕಣ್ಣಿಗೆ ಕಾಣುವ ವಿಷಯ. ಭರತನ್ ಚಿತ್ರಕಾರರು, ಕಲಾ ನಿರ್ದೇಶಕರಾಗಿ ಚಿತ್ರರಂಗಕ್ಕೆ ಬಂದವರು. ಛಾಯಾಗ್ರಾಹಕ ಮಧು ಅಂಬಾಟ್, ನಮ್ಮ ಜಿ.ವಿ. ಅಯ್ಯರ್ ಅವರ ಸಂಸ್ಕೃತ ಚಿತ್ರ ‘ಆದಿ ಶಂಕರಾಚಾರ್ಯ’ಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು. ಇಬ್ಬರೂ ಪೌರಾಣಿಕವೆಂದರೆ ಜರಿ, ಕಿರೀಟ, ಬಣ್ಣದ ಪರದೆ ಎಂಬ ಅಭ್ಯಾಸವನ್ನು ಬಿಟ್ಟು ಬಂಡೆ, ನೀರು, ಬೆಂಕಿ, ಚರ್ಮವನ್ನು ನಂಬಿದರು. ಇಡುಕ್ಕಿ ಅಣೆಕಟ್ಟಿನ ಬಳಿ ನಿರ್ಮಾಣ ಕಾಲದಲ್ಲಿ ಕೊರೆದ ಗುಹೆಯಲ್ಲಿ ಚಿತ್ರೀಕರಣ ನಡೆಯಿತು. ಇವತ್ತಿಗೂ ಅದಕ್ಕೆ ವೈಶಾಲಿ ಗುಹೆ ಎಂದೇ ಹೆಸರು. ಇಪ್ಪತ್ತನೇ ಶತಮಾನದ ಎಂಜಿನಿಯರುಗಳು ಕೊರೆದ ಸುರಂಗ ಪುರಾಣದ ಗುಹೆಯಾಗಿ ಒಪ್ಪುತ್ತದೆ ಎಂದರೆ, ಜಾಗ ಹಳೆಯದಾಗಿರಲೇಬೇಕು ಎಂದೇನಿಲ್ಲ. ಅದರಲ್ಲಿ ಹೊಸತಿನ ಗುರುತು ಕಾಣಬಾರದು, ಅಷ್ಟೇ.

ಪಾತ್ರವರ್ಗದಲ್ಲೂ ಅದೇ ಲೆಕ್ಕ. ಮುಖ್ಯ ಜೋಡಿ ಸುಪರ್ಣಾ ಆನಂದ್, ಸಂಜಯ್ ಮಿತ್ರ ಇಬ್ಬರೂ ಮಲಯಾಳಿಗಳಲ್ಲ, ಮಲಯಾಳದ ಪ್ರೇಕ್ಷಕರಿಗೆ ಅವರ ಹಳೆಯ ಪಾತ್ರಗಳ ನೆನಪಿರಲಿಲ್ಲ. ಮುಖದ ಮೇಲೆ ಹಿಂದಿನ ಚಿತ್ರದ ಗುರುತಿಲ್ಲದವರು ಬೇಗ ಋಷಿಕುಮಾರರಾಗುತ್ತಾರೆ. ರಾಜಗುರು, ರಾಜ, ತಾಯಿ ಇಂಥ ತೂಕದ ಪಾತ್ರಗಳಿಗೆ ನೆಡುಮುಡಿ ವೇಣು, ಬಾಬು ಆಂಟನಿ, ಗೀತಾ ಮುಂತಾದ ಪಳಗಿದವರು. ನೀವೂ ಊರಿನ ಜನಕ್ಕೆ ಯಕ್ಷಗಾನದಿಂದಲೋ ನಾಟಕದಿಂದಲೋ ಪರಿಚಿತನಾದವನನ್ನು ಋಷ್ಯಶೃಂಗ ಮಾಡಬೇಡಿ. ಅವನನ್ನು ವಿಭಾಂಡಕ ಮಾಡಿ.

ಮಲೆನಾಡಿನಲ್ಲಿ ಕಾಡಿಗೆ ಕೊರತೆಯಿಲ್ಲ. ತೊಂದರೆ ಇರುವುದು ಆ ಕಾಡಿನಲ್ಲಿ ಏನೇನಿದೆ ಎಂಬುದರಲ್ಲಿ. ಅಕೇಶಿಯಾ, ನೀಲಗಿರಿ, ಸಿಲ್ವರ್ ಓಕ್, ರಬ್ಬರ್, ಲಂಟಾನ, ಕಮ್ಯುನಿಸ್ಟ್ ಗಿಡ ಇವೆಲ್ಲ ಹೊರದೇಶದಿಂದ ಬಂದವು. ಹಿಂಭಾಗದಲ್ಲಿ ಸಾಲಾಗಿ ನಿಂತ ಅಕೇಶಿಯಾ ಕಂಡರೆ ಮಲೆನಾಡಿನವರಿಗೆ ಅದು ಅರಣ್ಯ ಇಲಾಖೆಯ ನೆಡುತೋಪು ಎಂದು ಕ್ಷಣದಲ್ಲಿ ಗೊತ್ತಾಗುತ್ತದೆ. ಜಾಗ ನೋಡಲು ಹೋದಾಗ ಕ್ಯಾಮೆರಾದವರ ಜೊತೆ ಗಿಡಮರ ಬಲ್ಲ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ. ಮೀಸಲು ಅರಣ್ಯಕ್ಕೆ ಇಲಾಖೆಯ ಅನುಮತಿ ಬೇಕು, ಸಣ್ಣ ತಂಡಕ್ಕೆ ಖಾಸಗಿ ಜಾಗದ ಹಳೆಯ ಮರಗಳೇ ಅನುಕೂಲ. ತಿನ್ನುವ ವಸ್ತುಗಳಲ್ಲೂ ಇದೇ ಎಚ್ಚರ ಬೇಕು. ಮೆಣಸಿನಕಾಯಿ, ಪಪ್ಪಾಯಿ, ಅನಾನಸ್, ಪೇರಳೆ, ಗೋಡಂಬಿಯ ಗೇರುಹಣ್ಣು ಇಡಬೇಡಿ. ಋಷ್ಯಶೃಂಗ ಅತಿಥಿಗೆ ಕೊಡುವ ಹಣ್ಣುಗಳಲ್ಲಿ ಭಲ್ಲಾತಕ, ನೆಲ್ಲಿ ಇವೆ. ಭಲ್ಲಾತಕವೆಂದರೆ ನಿಮ್ಮ ಕರಿಗೇರು. ಅದರ ಸೊನೆ ತಾಗಿದರೆ ಮೈ ಬೊಕ್ಕೆ ಏಳುತ್ತದೆ, ನಟರ ಕೈಗೆ ಕೊಡಬೇಡಿ, ನೆಲ್ಲಿಯೇ ಸಾಕು. ಜಿಂಕೆಯ ಆಸೆಯನ್ನೂ ಬಿಡಿ. ಅದು ವನ್ಯಜೀವಿ, ಹಿಡಿದು ತಂದು ಚಿತ್ರಿಸುವುದು ಅಪರಾಧ. ಋಷ್ಯಶೃಂಗ ಜಿಂಕೆಯ ಹೊಟ್ಟೆಯಲ್ಲಿ ಹುಟ್ಟಿದ ಕಥೆಯನ್ನು ಮಾತಿನಲ್ಲೇ ಹೇಳಿಸಿ. ಗೊಲ್ಲರ ದನಗಳಿಗೂ ಪ್ರಾಣಿ ಕಲ್ಯಾಣ ಮಂಡಳಿಯ ನಿಯಮಗಳು ಅನ್ವಯಿಸುತ್ತವೆ, ಮೊದಲೇ ವಿಚಾರಿಸಿಕೊಳ್ಳಿ.

ಬರದ ಊರಿಗೆ ಕಡೂರಿನ ಕಡೆಯ ಒಣಗಿದ ಕೆರೆಯಂಗಳ ನೋಡಿ. ಶೃಂಗೇರಿ ಮತ್ತು ಕಡೂರು ಒಂದೇ ಜಿಲ್ಲೆಯಲ್ಲಿವೆ, ಒಂದು ಕಡೆ ದಟ್ಟ ಹಸಿರು, ಇನ್ನೊಂದು ಕಡೆ ಬಿರುಕು ಬಿಟ್ಟ ನೆಲ. ಆಶ್ರಮ ಮತ್ತು ಚಂಪಾನಗರಿ ಎರಡೂ ಒಂದೇ ವಾರದಲ್ಲಿ ಮುಗಿಯುತ್ತವೆ.

ಬಟ್ಟೆಗೆ ಹೊಲಿಗೆ ಬೇಡ. ಉಡುವುದು, ಹೊದೆಯುವುದು, ಎದೆಗೆ ಕಟ್ಟುವ ಪಟ್ಟಿ ಇಷ್ಟು ಸಾಕು. ಕ್ಯಾಮೆರಾ ಹತ್ತಿರ ಹೋದಾಗ ಮಿಷನ್ ಹೊಲಿಗೆಯ ಅಂಚು, ಹುಕ್ಕು, ಪ್ಲಾಸ್ಟಿಕ್ ಮಣಿ ಮೊದಲು ಕಾಣುತ್ತವೆ. ನಾರುಮಡಿಗೆ ಗೋಣಿಬಟ್ಟೆ ಬಳಸುವುದು ಎಲ್ಲರೂ ಮಾಡುವ ತಪ್ಪು. ಅದು ಗೋಣಿಯಾಗಿಯೇ ಕಾಣುತ್ತದೆ, ಮೈ ಕೆರೆಯುತ್ತದೆ. ಒರಟು ಕೈಮಗ್ಗದ ಬಿಳಿ ಹತ್ತಿಬಟ್ಟೆ ತಂದು ಅಡಿಕೆ ಚೊಗರಿನಲ್ಲಿ ಅದ್ದಿ. ಬೇಯಿಸಿದ ಅಡಿಕೆಯ ಈ ಚೊಗರು ನಿಮ್ಮೂರಿನಲ್ಲೇ ಸಿಗುತ್ತದೆ, ಕೆಂಪು ಮಿಶ್ರಿತ ಕಂದು ಬಣ್ಣ ಕೊಡುತ್ತದೆ. ಬಟ್ಟೆಯನ್ನು ಮೊದಲು ಗಂಜಿ ಹೋಗುವಂತೆ ಒಗೆದು, ಪಟಿಕದ ನೀರಿನಲ್ಲಿ ನೆನೆಸಿ, ಆಮೇಲೆ ಬಣ್ಣಕ್ಕೆ ಹಾಕಿ. ಒಣಗಿದ ಮೇಲೆ ಮೂರು ನಾಲ್ಕು ಸಲ ಒಗೆಯಿರಿ. ಇದನ್ನು ತಪ್ಪಿಸಿದರೆ ಮಳೆಯ ದೃಶ್ಯದಲ್ಲಿ ಬಣ್ಣ ನಟರ ಮೈಮೇಲೆ ಇಳಿಯುತ್ತದೆ. ಋಷ್ಯಶೃಂಗನ ತಲೆಯ ಮೇಲಿನ ಕೊಂಬು ತೋರಿಸಬೇಕೇ ಎಂಬುದು ನಿಮಗೆ ಬಿಟ್ಟದ್ದು. ತೋರಿಸುವುದಾದರೆ ಬೆರಳಿನ ಒಂದು ಗೆಣ್ಣಿನಷ್ಟು, ಜಟೆಯ ನಡುವೆ ಅರ್ಧ ಮುಚ್ಚಿರಲಿ. ದೊಡ್ಡದು ಮಾಡಿದರೆ ಅಂಟಿಸಿದ ಅಂಚು ಬೆವರಿಗೆ ಬಿಟ್ಟುಕೊಳ್ಳುತ್ತದೆ, ಪ್ರೇಕ್ಷಕರು ಅದನ್ನೇ ನೋಡುತ್ತಾ ಕೂರುತ್ತಾರೆ.

ಸಂಭಾಷಣೆಯಲ್ಲಿ ಎರಡು ಗುಂಡಿಗಳಿವೆ. ಒಂದು, ಕಂಪನಿ ನಾಟಕದ “ಎಲೈ”, “ಪ್ರಾಣಕಾಂತೆ”. ಇನ್ನೊಂದು, ಗೊತ್ತಿಲ್ಲದೆ ನುಸುಳುವ ದರ್ಬಾರು, ಹುಕುಂ, ಜಮೀನು, ಖುಷಿ, ತಯಾರಿ. ಇವು ಪಾರಸಿ, ಅರಬ್ಬಿ ಕಡೆಯಿಂದ ಬಂದು ನಮ್ಮ ಆಡುಮಾತಾದ ಪದಗಳು. ದಿನಬಳಕೆಗೆ ತುಂಬ ಒಳ್ಳೆಯವು, ಲೋಮಪಾದನ ಬಾಯಲ್ಲಿ ಮಾತ್ರ ಕಾಲ ಕೆಡಿಸುತ್ತವೆ. ಒಡ್ಡೋಲಗ, ಅಪ್ಪಣೆ, ಹೊಲ, ಸಂತೋಷ, ಅಣಿ ಎಂದು ತಿದ್ದಿಕೊಂಡು, ವಾಕ್ಯವನ್ನು ಮಾತ್ರ ಇವತ್ತಿನ ಹಾಗೆ ಚಿಕ್ಕದಾಗಿ ಇಡಿ. ತಾಯಿ ಮಗಳನ್ನು “ಮಗಳೇ” ಎನ್ನಲಿ, “ಪುತ್ರಿ” ಬೇಡ.

ಹಾಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ವೈಶಾಲಿ’ಯ ‘ಇಂದುಪುಷ್ಪಂ ಚೂಡಿ ನಿಲ್ಕುಂ ರಾತ್ರಿ’ ಗೀತೆಗಾಗಿ ಅದನ್ನು ಬರೆದ ಒ.ಎನ್.ವಿ. ಕುರುಪ್ ಅವರಿಗೂ ಹಾಡಿದ ಕೆ.ಎಸ್. ಚಿತ್ರಾ ಅವರಿಗೂ ಆ ವರ್ಷದ ರಾಷ್ಟ್ರಪ್ರಶಸ್ತಿ ಬಂತು. ಸಂಗೀತ ಕೊಟ್ಟವರು ಹಿಂದಿ ಚಿತ್ರರಂಗದಿಂದ ಬಂದ ಬಾಂಬೆ ರವಿ. ನಲವತ್ತು ನಿಮಿಷದಲ್ಲಿ ಅದನ್ನು ಅನುಕರಿಸಲು ಹೋದರೆ ನಿಮ್ಮ ಚಿತ್ರ ಹಾಡಿನ ಕೆಳಗೆ ಸಿಕ್ಕಿಕೊಳ್ಳುತ್ತದೆ. ದೋಣಿ ಹೋಗುವಾಗ ಹೆಂಗಸರ ದನಿಯಲ್ಲಿ ವಾದ್ಯವಿಲ್ಲದ ಎರಡು ಸಾಲು ಸಾಕು.

ಮಳೆ. ಇದರಲ್ಲೇ ಹೆಚ್ಚಿನವರು ಸೋಲುತ್ತಾರೆ. ಮಳೆ ಕ್ಯಾಮೆರಾಕ್ಕೆ ಕಾಣಬೇಕಾದರೆ ಬೆಳಕು ಹನಿಯ ಹಿಂದಿನಿಂದ ಬರಬೇಕು, ಹಿನ್ನೆಲೆ ಕಪ್ಪಗಿರಬೇಕು. ಮುಂದಿನಿಂದ ಬೆಳಕು ಬಿಟ್ಟರೆ ಎಷ್ಟು ನೀರು ಸುರಿದರೂ ನಟರು ಸುಮ್ಮನೆ ಒದ್ದೆಯಾದಂತೆ ಕಾಣುತ್ತದೆ. ಸಂಜೆಯ ಸೂರ್ಯ ಹಿಂದೆ ಬರುವಂತೆ, ದಟ್ಟ ಮರಗಳ ಸಾಲು ಹಿನ್ನೆಲೆಯಾಗುವಂತೆ ನಿಲ್ಲಿಸಿ. ಆಕಾಶವನ್ನು ಚೌಕಟ್ಟಿನಿಂದ ಹೊರಗಿಡಿ. ನೆಲದ ಮೇಲೆ ಗಟ್ಟಿ ನೆರಳು ಬಿದ್ದರೆ ಬಿಸಿಲುಮಳೆ ಎನಿಸುತ್ತದೆ, ಅದನ್ನು ಜನಸಂದಣಿಯಿಂದ ಮುಚ್ಚಿ.

ತೋಟದ ಸ್ಪ್ರಿಂಕ್ಲರ್ ಇದೆಯಲ್ಲ ಎಂದು ಯಾರಾದರೂ ಹೇಳುತ್ತಾರೆ. ಬೇಡ. ಅದು ತಿರುಗುವುದರಿಂದ ಕೆಲವು ಸೆಕೆಂಡಿಗೊಮ್ಮೆ ಮಳೆ ಬಂದು ಹೋಗುತ್ತದೆ, ಹನಿ ಓರೆಯಾಗಿ ಬೀಳುತ್ತದೆ. ಅದರ ಪಂಪು ಮಾತ್ರ ಬಳಸಿಕೊಳ್ಳಿ. ಬಿದಿರಿನ ಚಪ್ಪರದ ಮೇಲೆ 15ರಿಂದ 20 ಅಡಿ ಎತ್ತರದಲ್ಲಿ ಪಿವಿಸಿ ಪೈಪು ಎಳೆದು ಸುಮಾರು 3 ಮಿಲಿಮೀಟರ್ ತೂತು ಕೊರೆಯಿರಿ. ತೀರಾ ಸಣ್ಣ ತೂತಾದರೆ ನೀರು ಮಂಜಿನಂತೆ ಹಾರಿಹೋಗುತ್ತದೆ. ತೂತುಗಳನ್ನು ಮೇಲ್ಮುಖವಾಗಿ ಇಡಿ, ನೀರು ಚಿಮ್ಮಿ ಒಡೆದು ಹನಿಯಾಗಿ ಬೀಳಲಿ. ಕೆಳಮುಖ ಇಟ್ಟರೆ ಗೆರೆ ಎಳೆದಂತೆ ಧಾರೆಗಳು ಕಾಣುತ್ತವೆ. ಪೈಪಿನ ಒಂದೇ ತುದಿಯಿಂದ ನೀರು ಬಿಟ್ಟರೆ ಇನ್ನೊಂದು ತುದಿಗೆ ಒತ್ತಡ ಸಾಲದು, ಆದ್ದರಿಂದ ನಡುವಿನಿಂದ ಕೊಡಿ. ನಟರ ಮೇಲೊಂದು ಪೈಪು, ಕ್ಯಾಮೆರಾದ ಮುಂದೆ ಹತ್ತಿರದಲ್ಲಿ ಇನ್ನೊಂದು ಸಾಲು ಇದ್ದರೆ ಆಳ ಬರುತ್ತದೆ. ನಿಮಿಷಕ್ಕೆ 300 ಲೀಟರ್ ಹೋದರೆ 6,000 ಲೀಟರಿನ ಟ್ಯಾಂಕರ್ 20 ನಿಮಿಷಕ್ಕೆ ಖಾಲಿ. ತಾಲೀಮು ಒಣಗಿದ್ದಾಗಲೇ ಮುಗಿಸಿ, ನೀರು ಬಿಟ್ಟ ಮೇಲೆ ಬರೀ ಚಿತ್ರೀಕರಣ.

ಒಣ ನೆಲದ ಶಾಟುಗಳೆಲ್ಲ ಮುಂಚೆ ಆಗಬೇಕು, ನೆಲ ಒಮ್ಮೆ ನೆಂದರೆ ಆ ದಿನ ಮತ್ತೆ ಒಣಗುವುದಿಲ್ಲ. ಮೊದಲ ಹನಿ ಬಿದ್ದ ಧೂಳಿನ ಸಮೀಪ ಚಿತ್ರ ಬೇಕಿದ್ದರೆ ಬೇರೆ ಜಾಗದಲ್ಲಿ ಒಂದು ಬುಟ್ಟಿ ಒಣ ಮಣ್ಣು ಹರವಿ, ಕೈಯಿಂದ ಹನಿ ಹಾಕಿ ತೆಗೆಯಿರಿ. ಮುಖ್ಯ ನಟರಿಗೆ ಮೂರು ಜೊತೆ ಬಟ್ಟೆ ಇರಲಿ. ತೆಳು ಹತ್ತಿ ನೆಂದರೆ ಪಾರದರ್ಶಕವಾಗುತ್ತದೆ. ನಟಿಯರ ಜೊತೆ ಮೊದಲೇ ಮಾತಾಡಿ ಎರಡು ಪದರ ಮಾಡಿಸಿ, ಅವರು ಬೇಡವೆಂದ ಕೋನದಿಂದ ತೆಗೆಯಬೇಡಿ. ಪಂಪಿನ ಸದ್ದಿನಲ್ಲಿ ಮಾತು ಕೇಳಿಸದು, ಡಬ್ಬಿಂಗ್ ಎಂದೇ ಲೆಕ್ಕ ಹಾಕಿ. ದೀಪ, ಜನರೇಟರ್ ನೀರು ಹಾರದಷ್ಟು ದೂರದಲ್ಲಿರಲಿ, ವಿದ್ಯುತ್ ಸೋರಿಕೆಗೆ ತಾನೇ ಕಡಿದುಹೋಗುವ ಬ್ರೇಕರ್ ಇಲ್ಲದೆ ಒಂದು ದೀಪವನ್ನೂ ಹಚ್ಚಬೇಡಿ. ನಿಜವಾದ ಮಳೆ ಬಂದರೆ ಅದನ್ನೂ ಬಿಡಬೇಡಿ: ಹರಿಯುವ ನೀರು, ಎಲೆ, ದೂರದ ಗುಡ್ಡ ತೆಗೆದಿಟ್ಟುಕೊಂಡು ಸಂಕಲನದಲ್ಲಿ ಸೇರಿಸಿ.

ದುಡ್ಡು ಇಷ್ಟಕ್ಕೂ ಸಾಲದೆ ಹೋದರೆ ಇನ್ನೊಂದು ಮಲಯಾಳ ಚಿತ್ರ ನೋಡಿ. ಜಿ. ಅರವಿಂದನ್ ಅವರ 1977ರ ‘ಕಾಂಚನ ಸೀತ’, ಉತ್ತರಕಾಂಡದ ಕಥೆ. ರಾಮ ಲಕ್ಷ್ಮಣರಾಗಿ ನಟಿಸಿದವರು ಆಂಧ್ರದ ರಾಮ ಚೆಂಚು ಬುಡಕಟ್ಟಿನವರು. ಸೀತೆ ಹೆಂಗಸಾಗಿ ತೆರೆಯ ಮೇಲೆ ಬರುವುದೇ ಇಲ್ಲ, ಗಾಳಿ, ಮರ, ನೀರು ಅಲ್ಲಾಡಿದಾಗ ಅವಳಿದ್ದಾಳೆ ಎಂದು ತಿಳಿಯಬೇಕು. ಮಾತು ಬಹಳ ಕಡಿಮೆ. ಸಂಗೀತ ನಮ್ಮ ರಾಜೀವ ತಾರಾನಾಥರದು. ಕಿರೀಟವಿಲ್ಲ, ಸೆಟ್ಟಿಲ್ಲ, ಆದರೂ ಅದು ರಾಮಾಯಣವೇ. ಇದು ಸುಲಭದ ದಾರಿ ಎಂದುಕೊಳ್ಳಬೇಡಿ. ಪ್ರೇಕ್ಷಕನಿಗೆ ಕಥೆ ಮೊದಲೇ ಗೊತ್ತಿದ್ದರೆ ಮಾತ್ರ ಇದು ನಡೆಯುತ್ತದೆ. ರಾಮಾಯಣ ಎಲ್ಲರಿಗೂ ಗೊತ್ತು, ಋಷ್ಯಶೃಂಗ ಅಷ್ಟು ಗೊತ್ತಿಲ್ಲ. ಆದ್ದರಿಂದ ಮೊದಲ ಎರಡು ನಿಮಿಷದಲ್ಲಿ ಲೋಮಶನಂಥ ಒಬ್ಬ ಹೇಳುಗನಿಂದ ಕಥೆಯನ್ನು ಹೇಳಿಸಿಬಿಡಿ.

ಕಿಗ್ಗದ ವಿಷಯ. ಮಹಾಭಾರತ ಈ ಆಶ್ರಮವನ್ನು ಕೌಶಿಕಿಯ ಹತ್ತಿರ ಇಡುತ್ತದೆ, ಅಂಗದೇಶದ ಚಂಪಾ ಇಂದಿನ ಬಿಹಾರದ ಭಾಗಲ್ಪುರದ ಕಡೆ. ನಮ್ಮ ಸ್ಥಳಪುರಾಣ ಅದೇ ಋಷಿಯನ್ನು ತುಂಗೆಯ ಸೀಮೆಗೆ ತರುತ್ತದೆ: ಶೃಂಗೇರಿಯ ಮಲಹಾನಿಕರೇಶ್ವರ ಗುಡಿಯಲ್ಲಿ ವಿಭಾಂಡಕ, ಸುಮಾರು ಹತ್ತು ಕಿಲೋಮೀಟರ್ ಆಚೆ ಕಿಗ್ಗದಲ್ಲಿ ಮಗ. ಮಳೆ ಬಾರದಿದ್ದಾಗಲೂ, ಬಂದ ಮಳೆ ನಿಲ್ಲದಿದ್ದಾಗಲೂ ಜನ ಅವನ ಮುಂದೆ ಹೋಗಿ ನಿಲ್ಲುತ್ತಾರೆ. ಎರಡನ್ನೂ ಒಂದೇ ಚಿತ್ರದಲ್ಲಿ ಬೆರೆಸಬೇಡಿ. ಚಂಪಾನಗರಿಯ ಕಥೆ ಹೇಳುತ್ತಾ ನಡುವೆ ಕಿಗ್ಗದ ಗುಡಿ ತೋರಿಸಿದರೆ ಕಾಲವೂ ಕೆಡುತ್ತದೆ, ಊರೂ ಕೆಡುತ್ತದೆ. ತರಲೇಬೇಕೆಂದರೆ ಚೌಕಟ್ಟಾಗಿ ತನ್ನಿ: ಇವತ್ತಿನ ಕಿಗ್ಗ, ಮಳೆಗಾಗಿ ಪೂಜೆ, ಅಲ್ಲಿ ಒಬ್ಬರು ಹೇಳುವ ಕಥೆ. ಗುಡಿಯೊಳಗೆ ಚಿತ್ರೀಕರಿಸಲು ಆಡಳಿತದಿಂದ ಬರಹದಲ್ಲಿ ಅನುಮತಿ ಪಡೆಯಿರಿ, ಅಲ್ಲಿ ಶಾಂತೆಯ ಜೊತೆ ಪೂಜೆಗೊಳ್ಳುವ ದೇವರು ಅವನು ಎಂಬುದು ನಿಮ್ಮ ನಟನಿಗೂ ಗೊತ್ತಿರಲಿ. ಚಂದ್ರಶೇಖರ ಕಂಬಾರರ ‘ಋಷ್ಯಶೃಂಗ’ ನಾಟಕವನ್ನೂ ಓದಿಕೊಳ್ಳಿ. ಅದರ ಚಿತ್ರರೂಪದ ಸಂಗೀತಕ್ಕೆ ಬಿ.ವಿ. ಕಾರಂತರಿಗೆ ರಾಷ್ಟ್ರಪ್ರಶಸ್ತಿ ಬಂದಿತ್ತು. ಕನ್ನಡದಲ್ಲಿ ಈ ಹೆಸರಿಟ್ಟು ಚಿತ್ರ ಮಾಡಿದರೆ ಜನ ಅದನ್ನು ನೆನೆಯುತ್ತಾರೆ, ನಿಮ್ಮದಕ್ಕೆ ಬೇರೆ ಹೆಸರು ಹುಡುಕಿ.

ಚಿತ್ರೀಕರಣವನ್ನು ಮಾರ್ಚ್ ಕೊನೆಗೆ ಶುರುಮಾಡಿ. ಮೊದಲು ಕಡೂರಿನ ಬರ, ಆಮೇಲೆ ಆಶ್ರಮ, ಕಟ್ಟಕಡೆಗೆ ಮಳೆ. ಮೇ ತಿಂಗಳಿಗೆ ತಳ್ಳಿದರೆ ಕೆರೆಯಂಗಳದಲ್ಲಿ ಒಂದು ಅಡ್ಡಮಳೆ ಬಿದ್ದರೂ ಹಸಿರು ಚಿಗುರಿ ನಿಮ್ಮ ಬರ ಹೋಗಿಬಿಡುತ್ತದೆ.